ಗಣಕಯಂತ್ರದ ಅಂಕಿತ

ಕಲ್ಯಾಣದ ನೆಲದಲ್ಲಿ ಅಂಕಿತವೆಂಬ ಮಾತಿಗೆ ವಿಶೇಷವಾದ ಗೌರವವುಂಟು. ಚಾಲುಕ್ಯ ಅರಸರ ತಾಮ್ರಶಾಸನಗಳಿಗೆ ವರಾಹಲಾಂಛನದ ಮುದ್ರೆ ಪ್ರಾಮಾಣ್ಯವನ್ನು ಕೊಡುತ್ತಿತ್ತು. ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳಲ್ಲಿ ಇಷ್ಟದೈವದ ಹೆಸರನ್ನು ಮುದ್ರಿಕೆಯಾಗಿ ಇರಿಸಿದರು. ‘ಕೂಡಲಸಂಗಮದೇವ’ ಎಂದೊಡನೆ ಬಸವಣ್ಣನವರೂ, ‘ಗುಹೇಶ್ವರ’ ಎಂದೊಡನೆ ಅಲ್ಲಮಪ್ರಭುಗಳೂ, ‘ಚೆನ್ನಮಲ್ಲಿಕಾರ್ಜುನ’ ಎಂದೊಡನೆ ಅಕ್ಕಮಹಾದೇವಿಯವರೂ ಕನ್ನಡಿಗರ ಮನಸ್ಸಿನಲ್ಲಿ ಮೂಡುತ್ತಾರೆ.

ಆದರೆ ಇಂಥ ಅಂಕಿತಕ್ಕೆ ಒಂದು ಮಿತಿಯೂ ಉಂಟು. ಅದನ್ನು ಅರಿತವರು ಯಾರಾದರೂ ಬರೆಯಬಲ್ಲರು. ತಮ್ಮ ಮಾತಿಗೆ ಹಿರಿಯರ ಅಂಕಿತವನ್ನು ಜೋಡಿಸಿದವರು ಹಿಂದಿನ ಕಾಲದಲ್ಲಿಯೂ ಇದ್ದರು. ಆದುದರಿಂದಲೇ ವಚನಗಳ ಶುದ್ಧಪಾಠವನ್ನು ನಿರ್ಣಯಿಸುವ ವಿದ್ವಾಂಸರು ಪ್ರಕ್ಷಿಪ್ತಗಳನ್ನು ಬೇರ್ಪಡಿಸಲು ಅಷ್ಟೊಂದು ಶ್ರಮಪಡಬೇಕಾಯಿತು. ಅಂಕಿತವು ಬರಹದಿಂದ ಬರಹಕ್ಕೆ ಬೇರೆಯಾಗಿದ್ದು, ಬರಹದ ಒಂದಕ್ಷರವನ್ನು ತಿದ್ದಿದರೂ ಹೊಂದಿಕೆ ತಪ್ಪುವಂತಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಇಂದಿನ ಗಣಕಯಂತ್ರಗಳು ಒಂದನ್ನೊಂದು ಗುರುತಿಸಿಕೊಳ್ಳಲು ಬಳಸುವುದು ಇಂಥ ಅಂಕಿತವನ್ನೇ.

ಇದರ ಅಗತ್ಯವು ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಪ್ರತಿಯೊಂದು ಶಾಲೆಗೂ ಸಂಬಂಧಿಸಿದುದು. ವಿದ್ಯಾರ್ಥಿವೇತನಕ್ಕಾಗಿ ರಾಜ್ಯದ ಜಾಲತಾಣದಲ್ಲಿ ಅರ್ಜಿ ಸಲ್ಲಿಸುವ ವಿದ್ಯಾರ್ಥಿಯು ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ನಮೂದಿಸುತ್ತಾನೆ. ಆ ಸಂಖ್ಯೆಯ ಪ್ರಮಾಣಪತ್ರವು ನಿಜವೇ ಎಂಬುದನ್ನು ಒಂದು ಇಲಾಖೆಯ ಗಣಕಯಂತ್ರವು ಮತ್ತೊಂದು ಇಲಾಖೆಯ ಗಣಕಯಂತ್ರವನ್ನು ಕೇಳಿ ತಿಳಿಯಬೇಕು. ಹೀಗೆ ಕೇಳುವುದಕ್ಕೂ ಹೇಳುವುದಕ್ಕೂ ಏರ್ಪಟ್ಟ ದ್ವಾರವನ್ನು ಎ.ಪಿ.ಐ. ಎನ್ನುತ್ತಾರೆ. ಬಂದವರಿಗೆಲ್ಲ ಆ ದ್ವಾರವನ್ನು ತೆರೆದರೆ ಬಡಕುಟುಂಬಗಳ ಖಾಸಗಿ ವಿವರಗಳು ಬೀದಿಗೆ ಬೀಳುತ್ತವೆ. ಅರ್ಹರಿಗೂ ತೆರೆಯದಿದ್ದರೆ ಮಕ್ಕಳ ವೇತನ ನಿಂತುಹೋಗುತ್ತದೆ. ಬಾಗಿಲು ತಟ್ಟುತ್ತಿರುವವರು ಯಾರೆಂಬ ಪ್ರಶ್ನೆ ಆದುದರಿಂದ ಸಣ್ಣದಲ್ಲ.

ಪ್ರತಿಸಲವೂ ಗುಪ್ತಪದವನ್ನು ಕಳುಹಿಸುವುದು ಒಂದು ಮಾರ್ಗ. ಆದರೆ ಅದು ಚೀಟಿ ಒಯ್ಯುವ ಆಳಿನ ಕೈಯಲ್ಲಿ ಭಂಡಾರದ ಬೀಗದಕೈಯನ್ನೇ ಕೊಟ್ಟು ಕಳುಹಿಸಿದಂತೆ. ಇದಕ್ಕಿಂತ ಉತ್ತಮವಾದುದು ಅಂಕಿತವುಳ್ಳ ಟೋಕನ್. ಜಾಗತಿಕವಾಗಿ ಬಳಕೆಯಲ್ಲಿರುವ ಇದರ ಒಂದು ರೂಪವನ್ನು ಜೆ.ಡಬ್ಲ್ಯು.ಟಿ. ಎಂದು ಕರೆಯುತ್ತಾರೆ, ಅದರ ಲಕ್ಷಣಗಳು 2015ರ ಮೇ ತಿಂಗಳಿನಲ್ಲಿ ಆರ್.ಎಫ್.ಸಿ. 7519 ಎಂಬ ದಾಖಲೆಯಾಗಿ ಪ್ರಕಟವಾದವು.

ಈ ಟೋಕನ್ನಿಗೆ ಮೂರು ಅಂಗಗಳು; ಅವುಗಳ ನಡುವೆ ಒಂದೊಂದು ಚುಕ್ಕೆ. ಅಂಕಿತ ಹಾಕಿದ ಗಣಿತವಿಧಾನ ಯಾವುದೆಂಬುದನ್ನು ಮೊದಲನೆಯ ಅಂಗ ಹೇಳುತ್ತದೆ. ಎರಡನೆಯದು ಒಕ್ಕಣೆ: ಕೊಟ್ಟವರು ಯಾರು, ಯಾರ ಪರವಾಗಿ, ಯಾರಿಗೆ, ಎಂದು ಕೊಟ್ಟುದು, ಎಂದಿನವರೆಗೆ ಸಲ್ಲುವುದು ಎಂಬ ವಿವರಗಳು ಇಲ್ಲಿರುತ್ತವೆ. ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ ಬರೆಯುತ್ತಾರೆ. ಮೂರನೆಯದೇ ಅಂಕಿತ. ಸಾಮಾನ್ಯವಾಗಿ ಈ ಒಕ್ಕಣೆಯು ಗುಟ್ಟಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಅದರ ಲಿಪಿ ವಿಚಿತ್ರವಾಗಿ ಕಂಡರೂ ಬಲ್ಲವರು ಯಾರಾದರೂ ಬಿಡಿಸಿ ಓದಬಹುದು. ಓದಬಹುದು, ತಿದ್ದಲಾಗದು, ಅಂಕಿತದ ಸಾರವೇ ಇದು.

ತಿದ್ದಲಾಗದೆಂಬುದು ಹೇಗೆ ಸಾಧ್ಯ? ಮೊದಲೆರಡು ಅಂಗಗಳನ್ನೂ ಒಂದು ರಹಸ್ಯ ಕೀಲಿಯನ್ನೂ ಗಣಿತಸೂತ್ರಕ್ಕೆ ಒಪ್ಪಿಸಿದಾಗ ಹೊರಡುವ ಫಲವೇ ಅಂಕಿತ. ಒಕ್ಕಣೆಯಲ್ಲಿ ಒಂದಂಕಿ ಬದಲಾದರೂ ಫಲವು ಪೂರ್ತಿ ಬೇರೆಯಾಗುತ್ತದೆ. ಕೀಲಿಯಿಲ್ಲದವನು ಸರಿಯಾದ ಫಲವನ್ನು ಊಹಿಸಿ ಬರೆಯುವುದು ಕಾರ್ಯತಃ ಅಸಾಧ್ಯ. ಇದರಲ್ಲಿ ಎರಡು ಪದ್ಧತಿಗಳುಂಟು. ಒಂದರಲ್ಲಿ ಕೊಡುವವರೂ ಪರೀಕ್ಷಿಸುವವರೂ ಒಂದೇ ಕೀಲಿಯನ್ನು ಹಂಚಿಕೊಂಡಿರುತ್ತಾರೆ. ಇನ್ನೊಂದರಲ್ಲಿ ಜೋಡಿಕೀಲಿಗಳು: ಅಂಕಿತ ಹಾಕುವ ಕೀಲಿಯು ಒಬ್ಬರಲ್ಲಿ ಮಾತ್ರ ಗುಪ್ತವಾಗಿರುತ್ತದೆ, ಪರೀಕ್ಷಿಸುವ ಕೀಲಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ರೂಪಿಸಿದ ಆರ್.ಎಸ್.ಎ. ವಿಧಾನವು ಈ ಎರಡನೆಯ ಬಗೆಗೆ ಸೇರಿದುದು.

ಅವಧಿಯ ಮಹತ್ವಕ್ಕೆ ರೈಲ್ವೆ ಟಿಕೆಟ್ಟೇ ನಿದರ್ಶನ. ಬೀದರ–ಕಲಬುರಗಿ ಮಾರ್ಗವು 2017ರಲ್ಲಿ ಆರಂಭವಾದ ಮೇಲೆ ಹುಮನಾಬಾದದ ಜನರಿಗೆ ಇದು ನಿತ್ಯಪರಿಚಿತ. ನಿನ್ನೆಯ ಟಿಕೆಟ್ಟು ಅಸಲಿಯಾದರೂ ಇಂದಿನ ಪ್ರಯಾಣಕ್ಕೆ ಸಲ್ಲದು. ಟೋಕನ್ನೂ ಹಾಗೆಯೇ. ಅದು ಕಳ್ಳರ ಕೈಸೇರಿದರೂ ಸ್ವಲ್ಪ ಹೊತ್ತಿನಲ್ಲಿ ನಿಷ್ಪ್ರಯೋಜಕವಾಗಲೆಂದು ಅವಧಿಯನ್ನು ಕೆಲವು ನಿಮಿಷಗಳಿಗೋ ಒಂದು ಗಂಟೆಗೋ ಸೀಮಿತಗೊಳಿಸುತ್ತಾರೆ.

ಅವಧಿ ಚಿಕ್ಕದಾದಷ್ಟೂ ಟೋಕನ್ನನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ನಡುರಾತ್ರಿಯಲ್ಲಿ ಸಹಸ್ರಾರು ಅರ್ಜಿಗಳನ್ನು ಪರಿಶೀಲಿಸುವಾಗ ಪ್ರತಿ ಗಂಟೆಗೂ ಗುಮಾಸ್ತನನ್ನು ಎಬ್ಬಿಸುವಂತಿಲ್ಲ. ಆದುದರಿಂದ ಡೇಟಾಬೇಸ್ ಎಂಬ ದತ್ತಸಂಚಯಕ್ಕೇ ಈ ಕಾಯಕವನ್ನು ಒಪ್ಪಿಸುವ ರೂಢಿಯುಂಟು. ಪೋಸ್ಟ್‌ಗ್ರೆಸ್, ಒರೇಕಲ್ ಮೊದಲಾದ ದತ್ತಸಂಚಯಗಳಲ್ಲಿ ಇಂಥ ಗಣಿತಕ್ಕೆ ಬೇಕಾದ ಸಾಧನಗಳು ದೊರೆಯುತ್ತವೆ. ದತ್ತಸಂಚಯದೊಳಗಿನ ವಿಧಿಯೊಂದು ಕೋಷ್ಟಕದಿಂದ ತನ್ನ ಗುರುತನ್ನು ತೆಗೆದುಕೊಂಡು, ಗಡಿಯಾರವನ್ನು ನೋಡಿ, ಒಕ್ಕಣೆಯನ್ನು ಬರೆದು, ಅಂಕಿತ ಹಾಕಿ ಎದುರಿನ ಸರ್ವರಿಗೆ ಕಳುಹಿಸುತ್ತದೆ. ಆ ಸರ್ವರು ಅಂಕಿತವನ್ನು ಪರೀಕ್ಷಿಸಿ ಪ್ರವೇಶದ ಟೋಕನ್ನನ್ನು ಕೊಡುತ್ತದೆ. ವಿಧಿಯು ಅದನ್ನು ಮುಕ್ತಾಯದ ಕಾಲದೊಡನೆ ಬರೆದಿಟ್ಟುಕೊಂಡು ಪ್ರತಿಯೊಂದು ಪ್ರಶ್ನೆಯೊಡನೆಯೂ ಕಳುಹಿಸುತ್ತದೆ. ಅವಧಿ ತೀರುವ ಮುನ್ನವೇ ಹೊಸದನ್ನು ಪಡೆಯುತ್ತದೆ.

ಇಲ್ಲಿ ಎಚ್ಚರದ ಸ್ಥಾನಗಳು ಮೂರು. ಮೊದಲನೆಯದು ಗಡಿಯಾರ. ಎರಡು ಯಂತ್ರಗಳ ಕಾಲದಲ್ಲಿ ಹೆಚ್ಚಿನ ಅಂತರವಿದ್ದರೆ ಸರಿಯಾದ ಟೋಕನ್ನೂ ತಿರಸ್ಕೃತವಾಗುತ್ತದೆ. ಎರಡನೆಯದು ಪರೀಕ್ಷೆ. ‘ಅಂಕಿತವಿಲ್ಲ’ ಎಂದು ತಾನೇ ಹೇಳಿಕೊಳ್ಳುವ ಟೋಕನ್ನನ್ನೂ ಕೆಲವು ತಂತ್ರಾಂಶಗಳು ಒಪ್ಪಿಕೊಳ್ಳುತ್ತಿದ್ದವೆಂಬುದು 2015ರಲ್ಲಿ ಬೆಳಕಿಗೆ ಬಂದಿತು. ಯಾವ ವಿಧಾನ ಸಲ್ಲುವುದೆಂಬುದನ್ನು ಪರೀಕ್ಷಕನೇ ಮೊದಲು ನಿಶ್ಚಯಿಸಿರಬೇಕು. ಮೂರನೆಯದೂ ಗುರುತರವಾದುದೂ ಕೀಲಿಯ ರಕ್ಷಣೆ. ಕೀಲಿಯನ್ನು ಸಾಮಾನ್ಯ ಕೋಷ್ಟಕದಲ್ಲಿ ಬರೆದಿಟ್ಟರೆ ಆ ಕೋಷ್ಟಕವನ್ನು ಓದಬಲ್ಲ ಪ್ರತಿಯೊಬ್ಬರೂ, ಅದರ ನಕಲು ಪ್ರತಿಯನ್ನು ಪಡೆದವರೂ ಅಂಕಿತಕ್ಕೆ ಅಧಿಕಾರಿಗಳಾಗಿಬಿಡುತ್ತಾರೆ. ಆದುದರಿಂದ ಕೀಲಿಯನ್ನು ಪ್ರತ್ಯೇಕ ಭದ್ರಕೋಶದಲ್ಲಿರಿಸಿ, ಅಂಕಿತ ಹಾಕುವ ವಿಧಿಗೆ ಮಾತ್ರ ಅದರ ಬಳಕೆಯನ್ನು ಕೊಟ್ಟು, ಆಗಾಗ ಕೀಲಿಯನ್ನೇ ಬದಲಾಯಿಸುವುದು ವಿಹಿತ.

ಯಂತ್ರವು ನಿದ್ರಿಸದೆ ದುಡಿಯಬಲ್ಲದು, ಆದರೆ ಹೊಣೆ ಹೊರಲಾರದು. ಕೀಲಿ ಕಳವಾದರೆ ಕಳ್ಳನು ಹಾಕಿದ ಅಂಕಿತವನ್ನೂ ಅದು ಅಸಲಿಯೆಂದೇ ಒಪ್ಪುತ್ತದೆ. ಬಿಜ್ಜಳನ ಭಂಡಾರದ ಹೊಣೆಯನ್ನು ಬಸವಣ್ಣನವರು ಹೊತ್ತಿದ್ದ ಕಲ್ಯಾಣದಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಭಂಡಾರವು ಉಳಿಯುವುದು ಭಂಡಾರಿಯ ನಿಷ್ಠೆಯಿಂದ. ಗಣಕಶಾಸ್ತ್ರವನ್ನು ಕಲಿಯುವ ಮಕ್ಕಳಿಗೆ ಸೂತ್ರದೊಡನೆ ಈ ನಿಷ್ಠೆಯನ್ನೂ ಕಲಿಸಿದಾಗ, ದೂರದ ಹಳ್ಳಿಯ ಬಡ ವಿದ್ಯಾರ್ಥಿಯ ಅರ್ಜಿಯು ಯಾರ ಕೈಗೂ ಸಿಕ್ಕಿ ಕೆಡದೆ ಸಲ್ಲಬೇಕಾದಲ್ಲಿಗೆ ಸಲ್ಲುತ್ತದೆ.