ಸೂಜಿ ಸರಿಯಾದ ಕೀಲಿಗೇ ಹೋಗುತ್ತಾ?

ಅಮ್ಮನ ಪಾದದ ಕೀಲುನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಅಂದಾಗ ಮನೆಯಲ್ಲಿ ಎಲ್ಲರೂ ಕೇಳಿದ್ದು ‘ತುಂಬಾ ನೋವಾಗುತ್ತಾ?’ ಅಂತ. ನನಗಿದ್ದ ಚಿಂತೆಯೇ ಬೇರೆ: ಸೂಜಿ ಎಲ್ಲಿಗೆ ಹೋಗುತ್ತೆ? ಒಂದು ಪಾದದಲ್ಲಿ 26 ಮೂಳೆಗಳು, ಕೆಲವೆಡೆ ನಡುವಿನ ಸಂದು ಬಹಳ ಕಿರಿದು. ಕಣಕಾಲಿನ ಕೀಲನ್ನು ಅನುಭವಿ ವೈದ್ಯರು ಮುಂಭಾಗದಲ್ಲಿ ಬೆರಳಿಟ್ಟೇ ಗುರುತಿಸಬಲ್ಲರು. ಅದರ ಕೆಳಗಿನ ಕೀಲು, ಪಾದದ ನಡುವಿನ ಪುಟ್ಟ ಕೀಲುಗಳು ಹಾಗಲ್ಲ. ಸವೆದ ಕೀಲಿನಲ್ಲಿ ಮೂಳೆ ಬೆಳೆದು ದಾರಿಯೇ ಮುಚ್ಚಿರಬಹುದು. ಅಲ್ಲಿ ಅಲ್ಟ್ರಾಸೌಂಡ್ ಇದ್ದರೆ ವಾಸಿ. ಸೂಜಿ, ರಕ್ತನಾಳ ಎರಡೂ ಪರದೆ ಮೇಲೆ ಕಾಣುತ್ತವೆ, ವಿಕಿರಣದ ರಗಳೆಯೂ ಇಲ್ಲ. ಗುರಿ ತಪ್ಪಿ ಔಷಧಿ ಸ್ನಾಯುರಜ್ಜುವಿನೊಳಗೆ ಹೋದರೆ ಅದು ದುರ್ಬಲವಾಗಿ ಹರಿಯಲೂಬಹುದು. ಹಾಗಾಗಿ ‘ಸ್ಕ್ಯಾನ್ ನೋಡ್ಕೊಂಡು ಕೊಡ್ತೀರಾ ಡಾಕ್ಟ್ರೇ?’ ಅಂತ ಕೇಳೋಕೆ ಸಂಕೋಚ ಬೇಡ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಶುಗರ್ ಏರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ರೆ ಅದನ್ನೂ ಮೊದಲೇ ಹೇಳಿಬಿಡಿ.