ಹುಡುಗರಲ್ಲಿ ಹೆಣ್ತನ: ಅಣಕಿಸುವ ಮುನ್ನ ತಿಳಿಯೋಣ

ವಿಜಯಪುರ ನಗರದ ಸಮೀಪದ ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ 'ಜೋಗಪ್ಪ' ಎಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಕರಾವಳಿಯ ನಮ್ಮಲ್ಲಿ ಅನೇಕರಿಗೆ ವಿವರಿಸಬೇಕು. ಗಂಡಾಗಿ ಹುಟ್ಟಿ, ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಚೌಡಿಕೆ ನುಡಿಸಿ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವವರು ಇವರು. ಹುಡುಗನ ನಡೆ ನುಡಿ ಹೆಣ್ಣಿನಂತೆ ಕಂಡರೆ ದೇವಿ ಅವನನ್ನು ಹಿಡಿದಿದ್ದಾಳೆ ಎಂಬ ನಂಬಿಕೆ ಆ ಭಾಗದಲ್ಲಿದೆ. ಮುತ್ತು ಕಟ್ಟಿದ ಮೇಲೆ ಜನ ಕಾಲಿಗೆ ಬೀಳುತ್ತಾರೆ. ಆದರೆ ಎಷ್ಟೋ ಮಂದಿಗೆ ಹೆತ್ತ ಮನೆಯಲ್ಲಿ ಜಾಗವಿರುವುದಿಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮ ಜೋಗತಿಯವರ ಬದುಕು ಇದೇ. ಮನೆಯಿಂದ ದೂರವಾಗಿ, ಬೇಡಿ ತಿಂದು, ಒಮ್ಮೆ ಸಾಯಲೂ ಹೊರಟಿದ್ದರು. ಕಾಳವ್ವ ಜೋಗತಿಯವರಿಂದ ಕಲಿತ ನೃತ್ಯ ಅವರನ್ನು ಉಳಿಸಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ಹುಡುಗನಾಗಿದ್ದಾಗ ಪಕ್ಕದ ಮನೆಯಲ್ಲಿದ್ದಿದ್ದರೆ ನಾವೇನು ಮಾಡುತ್ತಿದ್ದೆವು?

ಇಲ್ಲಿ ಎರಡು ವಿಷಯಗಳನ್ನು ಕಲಸಬಾರದು. ತನ್ನನ್ನು ಹೆಣ್ಣೆಂದೇ ಅರಿತ ಮಂಜಮ್ಮನಂಥವರು ಇದ್ದಾರೆ. 2014ರಲ್ಲಿ ಸುಪ್ರೀಂ ಕೋರ್ಟು ಅವರ ಹಕ್ಕುಗಳನ್ನು ಎತ್ತಿಹಿಡಿಯಿತು. ಮೆಲ್ಲಗೆ ಮಾತನಾಡುವ, ಕ್ರಿಕೆಟ್ಟಿಗಿಂತ ಅಡುಗೆಮನೆ ಇಷ್ಟಪಡುವ, ಭರತನಾಟ್ಯ ಕಲಿಯಬಯಸುವ ಹುಡುಗನ ಮಾತು ಬೇರೆ. ಇಷ್ಟರಿಂದಲೇ ಅವನು ಗಂಡಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ. ಆದರೂ ಇಬ್ಬರಿಗೂ ನಾವು ಇಡುವ ಅಡ್ಡಹೆಸರು ಒಂದೇ.

ನಾವು ಕರಾವಳಿಯವರು ಇದಕ್ಕೆ ಹೊರತೆಂದು ಹೇಳುವಂತಿಲ್ಲ. ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷಕ್ಕೆ ಇಡೀ ಜಿಲ್ಲೆ ತಲೆದೂಗಿತು. ಅಂಥದೇ ನಯ ನಮ್ಮ ಮನೆಯ ಹುಡುಗನಲ್ಲಿ ಕಂಡರೆ ಮಾತ್ರ, 'ಗಂಡಸಿನ ಹಾಗೆ ನಡಿ' ಎಂದು ಗದರಿಸುತ್ತೇವೆ. ಇಗರ್ಜಿಯ ಅಂಗಳದಲ್ಲಿ ಗೆಳೆಯರು ಅಣಕಿಸುವಾಗ ದೊಡ್ಡವರೂ ನಗುತ್ತಾರೆ. ಅವನು ಮೊದಲು ಗಾಯನವೃಂದ ಬಿಡುತ್ತಾನೆ, ಆಮೇಲೆ ಧರ್ಮೋಪದೇಶ ತರಗತಿ. ಯಾಕೆಂದು ಯಾರೂ ಕೇಳುವುದಿಲ್ಲ.

ಧರ್ಮಸಭೆ ಏನು ಹೇಳುತ್ತದೆ? ದಿವಂಗತ ಪೋಪ್ ಫ್ರಾನ್ಸಿಸರು 2016ರ 'ಅಮೋರಿಸ್ ಲೆತಿತ್ಸಿಯಾ'ದ 286ನೇ ಪರಿಚ್ಛೇದದಲ್ಲಿ ಗಂಡುತನ ಹೆಣ್ತನಗಳನ್ನು ಬಿಗಿ ಚೌಕಟ್ಟಿನಲ್ಲಿಡಬಾರದು ಎಂದಿದ್ದಾರೆ. ಗಂಡ ಮನೆಗೆಲಸ ಮಾಡಿದರೆ ಅವನ ಗಂಡಸುತನ ಕುಂದುವುದಿಲ್ಲ. ಕಲೆ, ನೃತ್ಯ ಗಂಡಸರಿಗಲ್ಲ ಎಂಬ ಭಾವನೆ ತಪ್ಪು ಎಂಬುದು ಅವರ ಅಭಿಪ್ರಾಯ. ಲಿಂಗವನ್ನು ಮನುಷ್ಯ ತಾನೇ ಆರಿಸಿಕೊಳ್ಳಬಹುದೆಂಬ ವಾದವನ್ನು ಧರ್ಮಸಭೆ ಒಪ್ಪುವುದಿಲ್ಲ, ನಿಜ. ಆದರೆ ಅದನ್ನು ಹೇಳುವ 2024ರ 'ದಿಗ್ನಿತಾಸ್ ಇನ್ಫಿನಿತಾ' ಪತ್ರವೇ ಪ್ರತಿಯೊಬ್ಬರ ಘನತೆಯನ್ನು ಗೌರವಿಸಬೇಕು, ಅನ್ಯಾಯದ ತಾರತಮ್ಯ ಕೂಡದು ಎನ್ನುತ್ತದೆ.

ಆದಿಕಾಂಡದ ಯಕೋಬನನ್ನೂ ನೆನೆಯಬಹುದು. ಅಣ್ಣ ಏಸಾವ ಬೇಟೆಗಾರ. ಇವನು ಗುಡಾರದಲ್ಲಿ ಉಳಿಯುವ, ಅಲಸಂದೆಯೋ ಬೇಳೆಯೋ ಬೇಯಿಸುವ ಸೌಮ್ಯ ಹುಡುಗ. ಇಸ್ರಾಯೇಲ್ ಎಂಬ ಹೆಸರು ಬಂದದ್ದು ಇವನಿಗೆ.

ಕಾಲೇಜುಗಳಲ್ಲಿ ಲಿಂಗ ಗುರುತಿನ ಕಾರಣಕ್ಕೆ ಪೀಡಿಸುವುದೂ ರ‍್ಯಾಗಿಂಗ್ ಎಂದು ಯು.ಜಿ.ಸಿ. 2016ರಲ್ಲೇ ನಿಯಮಕ್ಕೆ ಸೇರಿಸಿದೆ. ನಮ್ಮ ತರಗತಿಗಳಲ್ಲಿ ಅಡ್ಡಹೆಸರು ಕಿವಿಗೆ ಬಿದ್ದ ಕೂಡಲೇ ಉಪದೇಶಕರು ತಡೆಯಲಿ. ಹೆತ್ತವರು 'ಮಗನನ್ನು ಸರಿಮಾಡಿ' ಎಂದು ಬಂದರೆ ಗುರುಗಳು, ವಾಳೆಯ ಗುರಿಕಾರರು ಮೊದಲು ಮಗನ ಮಾತು ಕೇಳಲಿ. ಚರ್ಚಿನ ವಾರ್ಷಿಕೋತ್ಸವದಲ್ಲಿ ಜನರನ್ನು ನಗಿಸಲೆಂದೇ ಆ ಹುಡುಗನಿಗೆ ಸೀರೆ ಉಡಿಸುವುದನ್ನು ನಿಲ್ಲಿಸೋಣ. ಅವನಿಗೆ ಅಭಿನಯ ಇಷ್ಟವಿದ್ದರೆ ಒಂದು ಒಳ್ಳೆಯ ಪಾತ್ರ ಕೊಡೋಣ.