ಉಪ್ಪಿನ ಬೀದಿಯ ರೈಟರು

ಬೆಳಿಗ್ಗೆ ಹತ್ತರ ಹೊತ್ತಿಗೆ ಮಂಗಳೂರಿನ ಬಂದರಿನಲ್ಲಿ ಕಾಲಿಡಲು ಜಾಗ ಹುಡುಕಬೇಕು. ದಕ್ಕೆಯ ಬದಿಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಸರಕಿನ ದೋಣಿ ಮಂಜಿಗೆ ಅಕ್ಕಿ, ಸಿಮೆಂಟು, ತರಕಾರಿ ಏರುತ್ತಿದೆ. ಬ್ಯಾರಿ, ತುಳು, ಕೊಂಕಣಿಯಲ್ಲಿ ಚೌಕಾಸಿ. ಒಣಮೆಣಸಿನ ಘಾಟಿಗೆ ಸೀನು ಬಂದರೆ, ಬೆನ್ನಿಗೇ ಒಣಮೀನಿನ ವಾಸನೆ. ಬಂಗುಡೆ, ನಂಗ್, ಸಿಗಡಿ, ಎಲ್ಲದರ ಮೈಗೂ ಉಪ್ಪಿನ ಬಿಳಿ.

ಈ ಗದ್ದಲದ ನಡುವೆ ಲೆಕ್ಕ ಬರೆಯುವ ರೈಟರೊಬ್ಬರನ್ನು ಕೂರಿಸಿ ನೋಡಿ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಅಂಗಿಯ ಗುಂಡಿ ಎಳೆಯುತ್ತಿದೆ. ಒಂದು ತೊಟ್ಟು ಕುಡಿದವರಲ್ಲ, ಆದರೂ ಲಿವರ್ ಸಿರೋಸಿಸ್ ಎಂದ ಕೂಡಲೇ ಬೀದಿ ತೀರ್ಪು ಕೊಟ್ಟುಬಿಡುತ್ತದೆ. ಲಿವರನ್ನು ತಿಂದದ್ದು ಹೆಪಟೈಟಿಸ್ ಬಿ. ಎಳವೆಯಲ್ಲೇ ಹೊಕ್ಕು ದಶಕಗಟ್ಟಲೆ ಸದ್ದಿಲ್ಲದೆ ಕೂತಿದ್ದ ವೈರಸ್ಸು.

ಅಂಗಡಿಯ ಯಜಮಾನರು ಪ್ರೀತಿಯಿಂದ ಕಟ್ಟಿಕೊಡುವ ಒಣಮೀನು ಈಗ ಅವರಿಗೆ ವರ್ಜ್ಯ. ಉಪ್ಪು ಹೊಟ್ಟೆಯಲ್ಲಿ ನೀರು ನಿಲ್ಲಿಸುತ್ತದೆ. ದಿನಕ್ಕೆ ಐದು ಗ್ರಾಮಿನೊಳಗೆ ಮೂರು ಹೊತ್ತೂ ಮುಗಿಯಬೇಕು. ಉಪ್ಪಿನಕಾಯಿಯಿಲ್ಲದ ಗಂಜಿಯ ಸಂಕಟ ಕರಾವಳಿಯವರಿಗೇ ಗೊತ್ತು. ಹಸಿಮೀನಿನ ಸಾರು ಮಾತ್ರ ಉಣ್ಣಲೇಬೇಕು. ಸ್ನಾಯು ಕರಗಿಸುವ ಕಾಯಿಲೆಯಲ್ಲಿ ಪಥ್ಯದ ಹೆಸರಲ್ಲಿ ಪ್ರೋಟೀನ್ ಬಿಡಿಸುವುದು ಹಳೆಯ ತಪ್ಪು. ಮರುವಾಯಿ ಚೆನ್ನಾಗಿ ಬೇಯಬೇಕು. ಅರೆಬೆಂದ ಚಿಪ್ಪಿನಲ್ಲಿರುವ ವಿಬ್ರಿಯೊ ಬ್ಯಾಕ್ಟೀರಿಯಾ ಇಂಥವರ ರಕ್ತಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ.

ಆಸ್ಪತ್ರೆಯೇನೂ ದೂರವಿಲ್ಲ. ಹಂಪನಕಟ್ಟೆಯತ್ತ ಏರು ಹತ್ತಿದರೆ 1848ರ ವೆನ್‌ಲಾಕ್ ಆಸ್ಪತ್ರೆ. ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನು, ಎಎಫ್‌ಪಿ ರಕ್ತಪರೀಕ್ಷೆ: ಕ್ಯಾನ್ಸರಿನ ಗಂಟು ಸಣ್ಣದಿರುವಾಗಲೇ ಸಿಗಬೇಕು. ನೀರು ತುಂಬಿದ ಹಂತದಲ್ಲಿ ಲಿವರಿನ ಸ್ಥಿತಿ ಹೇಳುವ ಬಿಲಿರುಬಿನ್, ಅಲ್ಬುಮಿನ್, ಐಎನ್‌ಆರ್ ಇನ್ನೂ ಬೇಗ ಬೇಗ. ವೈರಸ್ಸನ್ನು ಅಡಗಿಸುವ ಟೆನೊಫೊವಿರ್ ನುಂಗುವವರಿಗೆ ಕಿಡ್ನಿಯ ಲೆಕ್ಕವೂ ಬೇಕು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಊದಿದ್ದು ಕಂಡರೆ ಒತ್ತಡ ಇಳಿಸುವ ಮಾತ್ರೆಯೋ, ಅವನ್ನು ಬಿಗಿಯುವ ಬ್ಯಾಂಡೋ. 2018ರ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ವೈರಸ್ಸಿನ ಮಾತ್ರೆಯನ್ನು ಉಚಿತವಾಗಿಸಿದೆ. ರಿಪೋರ್ಟಿನಲ್ಲಿ ವೈರಸ್ ಕಾಣುತ್ತಿಲ್ಲವೆಂದು ಮಾತ್ರೆ ಬಿಟ್ಟವರು ಕಾಮಾಲೆ ಹೊತ್ತು ಮರಳುತ್ತಾರೆ.

ನೆಲನೆಲ್ಲಿ ಕುಡಿಯಿರಿ ಎನ್ನುವವರು ಪ್ರತಿ ಅಂಗಡಿಯಲ್ಲೂ ಇದ್ದಾರೆ. ಹಾಗೆ ನೋಡಿದರೆ, ಈ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್ ಕೂಡ ಮದರಾಸಿನ ಸಂಶೋಧಕರ ಜೊತೆ ಅದೇ ಗಿಡವನ್ನು ಪರೀಕ್ಷಿಸಿದ್ದರು. ಮೊದಲ ಭರವಸೆ ಮುಂದಿನ ಪ್ರಯೋಗಗಳಲ್ಲಿ ನಿಲ್ಲಲಿಲ್ಲ.

ಎರಡು ತಪಾಸಣೆಗಳ ನಡುವಿನ ಕಾವಲು ಬಂದರಿನದೇ. ಮೂಟೆ ತೂಗುವ ತಕ್ಕಡಿಯ ಮೇಲೆ ರೈಟರು ದಿನಾ ನಿಲ್ಲುತ್ತಾರೆ. ಎರಡು ಮೂರು ದಿನದಲ್ಲಿ ಒಂದೆರಡು ಕಿಲೋ ಏರಿದರೆ ಅದು ನೀರು. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆ, ಅಂದೇ ಆಸ್ಪತ್ರೆ. ತಲೆಗೆ ಮಂಕು ಕವಿಯುವುದು ಮಾತ್ರ ರೋಗಿಗೆ ತಿಳಿಯುವುದಿಲ್ಲ. ರಾತ್ರಿ ಎಚ್ಚರ, ಹಗಲು ತೂಕಡಿಕೆ, ಅಕ್ಷರ ಸೊಟ್ಟ. ಮೊದಲು ಹಿಡಿಯುವವರು ಹಮಾಲಿಗಳು.

“ರೈಟರ್ರೇ, ಈ ಟೋಟಲ್ ಸರಿ ಉಂಟಾ?”

ಮಗನಿಗೆ ಫೋನು ಹೋಗುತ್ತದೆ. ತಾನೂ ಪರೀಕ್ಷೆ ಮಾಡಿಸಿ ಮೂರು ಡೋಸ್ ಲಸಿಕೆ ಹಾಕಿಸಿಕೊಂಡ ಹುಡುಗ ಅವನು. “ಅಪ್ಪಾ, ಇವತ್ತು ಹೊಟ್ಟೆ ಹೋಯಿತಾ?” ಎಂದು ಕೇಳುತ್ತಾನೆ. ಇಲ್ಲವೆಂದರೆ ಮಲ ಸಡಿಲಿಸಿ ಮಂಕು ತಗ್ಗಿಸುವ ಲ್ಯಾಕ್ಟುಲೋಸ್ ಸಿರಪ್ ನೆನಪಿಸುತ್ತಾನೆ. ಮಾತು ತೊದಲುತ್ತಿದ್ದರೆ ಸಿರಪ್ಪಿಗೆಲ್ಲ ಕಾಯುವುದಿಲ್ಲ, ಆಟೋ ಕರೆಯುತ್ತಾನೆ.